ಮನೆಗೆ ಬಿದ್ದ ಕಣ್ಣು

ಹಾವೇರಿಯ ನೀಲವ್ವ ಮನೆ ಮಾರಬೇಕೆಂದು ಸುಣ್ಣ ಬಳಿಸಿ, ಬಾಗಿಲಿಗೆ ತೋರಣ ಕಟ್ಟಿಸಿದ್ದಳು. ಹೆಂಡತಿಯೊಂದಿಗೆ ನೋಡಲು ಬಂದ ಗುರುಸಿದ್ದಪ್ಪ ಸಾಹುಕಾರ ಒಂದೊಂದು ಕಂಬವನ್ನೂ ತಡವಿ ತಡವಿ ನೋಡಿದ. ಆಮೇಲೆ ಮೂಗು ಮುರಿದ.

"ಏನೂ ಮನಸ್ಸಿಗೆ ಬರಲಿಲ್ಲ. ಅರ್ಧ ರೇಟಿಗೆ ಕೊಟ್ರ ನೋಡೋಣು."

ನೀಲವ್ವನ ಮುಖ ಬಾಡಿತು. ಅಡುಗೆಯ ಫಕೀರವ್ವ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ಹೊಸ್ತಿಲಿಗೆ ನಿವಾಳಿಸಿ, ಎಲ್ಲರೆದುರೇ ಕೆಂಡಕ್ಕೆ ಹಾಕಿದಳು. ಹೊಗೆ ಎದ್ದಿತು. ಯಾರೂ ಕೆಮ್ಮಲಿಲ್ಲ.

"ದೃಷ್ಟಿ ಆಗಿದ್ರ ಘಾಟು ಬರೂದಿಲ್ರಿ. ಸಾಹುಕಾರ್ರ ಕಣ್ಣು ಮನಿ ಮ್ಯಾಲೆ ಭಾಳ ಬಿದ್ದೈತಿ!"

ಸಾಹುಕಾರನ ಹೆಂಡತಿ ಕಿಸಕ್ಕನೆ ನಕ್ಕಳು. "ಖರೇ ಹೇಳಿದಿ ಬಿಡವಾ. ನಿನ್ನೆಯಿಂದ ಇವರಿಗೆ ಈ ಮನೀದ ಜಪ."

ಸಾಹುಕಾರ ಬೆಪ್ಪಾದ. ನೀಲವ್ವ ಕೇಳಿದ ಬೆಲೆಗೇ ಒಪ್ಪಿ ಎಲೆ-ಅಡಿಕೆ ಹಿಡಿದ.

ಅವರು ಹೋದಮೇಲೂ ನೀಲವ್ವನಿಗೆ ಬೆರಗು. "ಅಲ್ಲೇ, ಘಾಟು ಬರಲೇ ಇಲ್ಲಲ್ಲ!"

"ಕಣ್ಣು ಬಿದ್ದದ್ದು ಖರೇರಿ ಯವ್ವಾ. ಮೆಣಸಿನಕಾಯಿ ಮಾತ್ರ ಖಾರಿಲ್ಲದ ಬ್ಯಾಡಗೀದು. ಬೀಜಾನೂ ತೆಗೆದಿದ್ದೆ."