ಬೆಲ್ಲದ ಮೇಲಿನ ‘ಹೊ’

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹೆಸರಿನ ಮೊದಲು ‘ಶ್ರೀ’ ಎಂದು ಬರೆಯುತ್ತೇವೆ. ಒಬ್ಬರು ಅದನ್ನು ಸಂಪತ್ತು ಎನ್ನುತ್ತಾರೆ, ಒಬ್ಬರು ದೇವಿ ಎನ್ನುತ್ತಾರೆ, ಇನ್ನೊಬ್ಬರು ಬರೀ ಮರ್ಯಾದೆ ಎನ್ನುತ್ತಾರೆ. ಇದರಲ್ಲಿ ಯಾವುದು ಸರಿ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಆಲೆಮನೆ ಇತ್ತು. ಆಲೆಮನೆಯೆಂದರೆ ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡುವ ಜಾಗ. ಅಲ್ಲಿನ ಪ್ರತಿ ಅಚ್ಚು ಬೆಲ್ಲದ ಮೇಲೂ ‘ಹೊ’ ಎಂಬ ಒಂದೇ ಅಕ್ಷರ ಮೂಡುತ್ತಿತ್ತು. ಪೇಟೆಯ ಜನ ಆ ಅಕ್ಷರ ನೋಡಿಯೇ ಬೆಲ್ಲ ಕೊಳ್ಳುತ್ತಿದ್ದರು, ರುಚಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಅದನ್ನು ಕೊಳ್ಳುತ್ತಿದ್ದ ವರ್ತಕ ಒಮ್ಮೆ ಆ ಅಕ್ಷರದ ಅರ್ಥ ಕೇಳಿದ. ಕಬ್ಬು ಬೆಳೆಯುವ ರೈತ, ಅದು ತನ್ನ ತಾತ ಹೊನ್ನೇಗೌಡರ ಹೆಸರು ಎಂದ. ಪಾಕ ಇಳಿಸುವವನು ನಕ್ಕ. “ಗೌಡ್ರೇ, ನಿಮ್ಮ ತಾತ ಬೆಲ್ಲ ತಿಂದವರು, ಕಾಯಿಸಿದವರಲ್ಲ. ‘ಹೊ’ ಅಂದರೆ ಹೊಂಬಣ್ಣ. ಪಾಕಕ್ಕೆ ಆ ಬಣ್ಣ ತರೋನು ನಾನು.” ಅಚ್ಚಿಗೆ ಹೊಯ್ಯುವ ಹೆಂಗಸು ಇಬ್ಬರನ್ನೂ ಸುಮ್ಮನಿರಿಸಿ, ಅದು ‘ಹೊಸದು’ ಎಂಬುದರ ಅಕ್ಷರ, ತಾನು ಒಂದು ದಿನವೂ ಹಳೆಯ ಬೆಲ್ಲ ಬೆರೆಸಿದವಳಲ್ಲ ಎಂದಳು. ಜಗಳ ತೀರಲಿಲ್ಲ. ಮೂವರಿಗೂ ಆ ಅಕ್ಷರದ ಮೇಲೆ ಅಷ್ಟು ಹೆಮ್ಮೆ.

ಮುಂದೆ ಒಂದು ಮಳೆಗಾಲದಲ್ಲಿ ವರ್ತಕ ಗಾಡಿ ತುಂಬ ಬೆಲ್ಲ ಹಿಂದಕ್ಕೆ ತಂದ. ಬೆಲ್ಲ ನೀರೊಡೆದಿತ್ತು. ಅಂದರೆ ಗಟ್ಟಿ ನಿಲ್ಲದೆ ಕರಗತೊಡಗಿತ್ತು. ಮೇಲಿನ ಅಕ್ಷರವೂ ಅಳಿಸಿಹೋಗಿತ್ತು.

“ಗುರುತು ಕಾಣುತ್ತಿಲ್ಲ. ನಾನು ನಾಲ್ಕು ಆಲೆಮನೆಗಳಿಂದ ಕೊಳ್ಳುವವನು. ಇದು ಯಾರದೋ ಅವರ ಬೆಲ್ಲ ಇನ್ನು ಮುಂದೆ ನನಗೆ ಬೇಡ. ನಿಮ್ಮದಲ್ಲ ಎನ್ನಿ, ಬೇರೆ ಕಡೆ ಕೇಳುತ್ತೇನೆ,” ಎಂದ.

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಿಡಿದು ತೋರಿಸಲು ಯಾರಿಗೂ ಸಾಧ್ಯವಿರಲಿಲ್ಲ.

ರೈತ ಒಂದು ಚೂರು ಬಾಯಿಗೆ ಹಾಕಿಕೊಂಡ. “ನನ್ನದೇ, ಶೆಟ್ಟರೇ. ಆತುರಪಟ್ಟು ಎಳೆ ಕಬ್ಬು ಕಡಿಸಿದೆ.”

“ಗೌಡ್ರ ಮಾತು ಕೇಳಬೇಡಿ,” ಎಂದ ಪಾಕದವನು. “ಕಬ್ಬು ಎಳೆಯದಾದರೆ ಪಾಕ ಇನ್ನಷ್ಟು ಹೊತ್ತು ಒಲೆಯ ಮೇಲಿರಬೇಕು. ಬೇಗ ಇಳಿಸಿದವನು ನಾನು. ನನ್ನದು.”

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಪೂರ್ತಿ ಆರುವ ಮೊದಲೇ ಅಚ್ಚಿನಿಂದ ಕಿತ್ತವಳು ತಾನು, ಈ ಗಂಡಸರಿಗೆ ಎಲ್ಲದರಲ್ಲೂ ತಾವೇ ಮುಂದಿರಬೇಕೆಂಬ ಆಸೆ ಎಂದಳು.

ಮತ್ತೆ ಅದೇ ಜಗಳ ಹತ್ತಿಕೊಂಡಿತು. ವರ್ತಕ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಹಾಳಾದ ಬೆಲ್ಲವನ್ನು ಇಳಿಸಿ, ಒಲೆಯ ಮೇಲಿದ್ದ ಪಾಕ ಬೆಲ್ಲವಾಗುವವರೆಗೂ ಅಲ್ಲೇ ಕಾದು ಕುಳಿತ. ಹೊಸ ಬೆಲ್ಲವನ್ನು ರುಚಿ ನೋಡದೆಯೇ ಗಾಡಿಗೆ ಹೇರಿಸಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಆ ಅಕ್ಷರಕ್ಕೆ ಮೂವರು ಹೇಳಿದ ಅರ್ಥಗಳಲ್ಲಿ ಯಾವುದು ಸರಿ?” ಎಂದ.

“ಮೂರೂ ಸರಿ, ಮಗು, ಬೆಲ್ಲ ಹಿಂದಕ್ಕೆ ಬಂದ ದಿನ ಮೂವರೂ ತಪ್ಪು ನನ್ನದೆಂದು ಎದ್ದು ನಿಂತರಲ್ಲ. ‘ಶ್ರೀ’ಗೂ ಅಷ್ಟೇ, ಹೆಸರಿಗೆ ಕಳಂಕ ಬಂದ ದಿನ ‘ನನ್ನದು’ ಎನ್ನುವವನಿಗೆ ಯಾವ ಅರ್ಥವೂ ಸರಿ.”