ಅಕ್ಷರದ ಬಾಲ

“ಅಜ್ಜಾವ್ರ, ಮಕ್ಕಳಿಗೆ ಕೂಡುಬರಹ ಇನ್ನೂ ಕಲಿಸಬೇಕೇನ್ರಿ?”

ಕೇಳಿದವನು ಅಡಿವೆಪ್ಪ, ಮಠದ ಶಾಲೆಯನ್ನು ನೋಡಿಕೊಳ್ಳುವ ಶಿಷ್ಯ. ಕೇಳಿಸಿಕೊಂಡವರು ಮಠದ ಸ್ವಾಮಿಗಳಾದ ಅಜ್ಜನವರು. ಅಡಿವೆಪ್ಪ ಚಿಕ್ಕವನಿದ್ದಾಗ ಇದೇ ಪಡಸಾಲೆಯಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು ಮೊದಲ ಅಕ್ಷರ ಬರೆಸಿದವರು ಅವರೇ.

ಒಂದು ಅಕ್ಷರದಿಂದ ಇನ್ನೊಂದಕ್ಕೆ ಕೈ ಎತ್ತದೆ ಸಾಗುವ ಬರಹಕ್ಕೆ ಆ ಶಾಲೆಯಲ್ಲಿ ಕೂಡುಬರಹ ಎನ್ನುತ್ತಿದ್ದರು. ದಿನದ ಕೊನೆಯ ಪಾಠ ಅದು. ಅಡಿವೆಪ್ಪ ಶಾಲೆಯ ವೇಳಾಪಟ್ಟಿಯನ್ನು ಒಂದು ಕರಿಹಲಗೆಯ ಮೇಲೆ ಬರೆದು ತಂದಿದ್ದ. ಕೊನೆಯ ಸಾಲನ್ನು ಅಳಿಸಲು ಒದ್ದೆ ಬಟ್ಟೆಯನ್ನೂ ತಂದಿದ್ದ. ಅಜ್ಜನವರ ಬಾಯಿಂದ ಒಂದು ಹೂಂ ಬಂದರೆ ಸಾಕಿತ್ತು.

“ಈಗ ಯಾರು ಕೈಲೆ ಬರೀತಾರ್ರಿ? ಮೊಬೈಲಿನ್ಯಾಗ ಬೆರಳು ಒತ್ತಿದ್ರ ಅಚ್ಚಿನಂಥ ಅಕ್ಷರ. ಬಾಯಿಲೆ ಹೇಳಿದ್ರೂ ಅದು ಬರಕೊಳ್ತದ. ಆ ಹೊತ್ತಿನ್ಯಾಗ ಮಕ್ಕಳು ಕಂಪ್ಯೂಟರ್ ಕಲೀಲಿ ಅಂತ ನಾ ಅಂತೀನಿ.”

“ಕಲೀಲಿ, ಕಲೀಲಿ. ಛಲೋ ವಿದ್ಯಾ ಅದು” ಎಂದರು ಅಜ್ಜನವರು. “ಅಳಸಾಕ ಏನ್ ಅವಸರ? ಕುಂದರು. ಒಂದು ಕತಿ ಕೇಳು.”

ಅಡಿವೆಪ್ಪ ಹಲಗೆಯನ್ನು ಗೋಡೆಗೆ ಆನಿಸಿ ಕುಳಿತ. ಅಜ್ಜನವರು ಹೇಳಿದ ಕತೆ ಹೀಗಿದೆ.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಮಾಸ್ತರನಿದ್ದ. ಅವನ ಹೆಬ್ಬೆರಳು ಸೊಟ್ಟ. ಹುಡುಗನಾಗಿದ್ದಾಗ ಹುಣಸೆಮರದಿಂದ ಬಿದ್ದು ಮುರಿದ ಬೆರಳು, ಕೂಡುವಾಗ ಅದರ ಮನಸ್ಸಿಗೆ ಬಂದಂತೆ ಕೂಡಿತ್ತು. ಹಾಗಾಗಿ ಅವನು ಒಂದು ಪದ ಬರೆದು ಮುಗಿಸಿದರೂ ಕೈ ನಿಲ್ಲುತ್ತಿರಲಿಲ್ಲ. ಮೇಲಕ್ಕೆ ಹೋಗಿ ಒಂದು ಸುತ್ತು ಸುತ್ತಿ ಆಮೇಲೆ ನಿಲ್ಲುತ್ತಿತ್ತು. ಅವನು ಬರೆದ ಪ್ರತಿ ಪದಕ್ಕೂ ಕೊನೆಯಲ್ಲಿ ಒಂದು ಇಲಿಯ ಬಾಲ.

ಮಾಸ್ತರ ಮಕ್ಕಳಿಗೆ ಮರಳಿನ ಮೇಲೆ ಬರೆಸುತ್ತಿದ್ದ. ದೂರ ನಿಂತು ಹೇಳಿಕೊಡುವವನಲ್ಲ. ಒಬ್ಬೊಬ್ಬರ ಪಕ್ಕ ಕೂತು, ಅವರ ಕೈಯನ್ನು ತನ್ನ ಕೈಯೊಳಗೆ ಹಿಡಿದು ಬರೆಸುತ್ತಿದ್ದ. ಅಕ್ಷರದ ಜೊತೆಗೆ ಬಾಲವೂ ಮಕ್ಕಳ ಕೈಗೆ ಇಳಿಯಿತು. ಅವನಿಗೆ ನಾಚಿಕೆ. “ಬಾಲ ಬಿಡ್ರೋ! ಅದು ಅಕ್ಷರ ಅಲ್ಲ, ನನ್ನ ಬೆರಳಿನ ಐಬು” ಎಂದು ಗದರುತ್ತಿದ್ದ. ಮಕ್ಕಳು ಹೂಂ ಎಂದು ತಲೆಯಾಡಿಸಿ ಮತ್ತೆ ಬಾಲ ಹಾಕುತ್ತಿದ್ದರು. ಸುತ್ತಲಿನ ಹಳ್ಳಿಯವರು ಆ ಊರನ್ನು ಬಾಲದೂರು ಎಂದೇ ಕರೆಯತೊಡಗಿದರು.

ಆ ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ತಂದೆತಾಯಿ ಇಲ್ಲ. ಅಕ್ಕ ಕೂಲಿ ಮಾಡಿ ತಮ್ಮನನ್ನು ಶಾಲೆಗೆ ಕಳಿಸಿದಳು. ತಮ್ಮ ಸಂಜೆ ಮನೆಗೆ ಬಂದು, ಥೇಟ್ ಮಾಸ್ತರನ ಗತ್ತಿನಲ್ಲಿ ಕೂತು, ಅಕ್ಕನ ಕೈ ಹಿಡಿದು ಒಲೆಯ ಬೂದಿಯಲ್ಲಿ ಅಕ್ಷರ ಬರೆಸಿದ. ತಪ್ಪಿದರೆ ಕಿವಿ ಹಿಂಡುತ್ತೇನೆ ಎಂದೂ ಹೆದರಿಸಿದ. ಹೀಗೆ ಶಾಲೆಯ ಹೊಸ್ತಿಲು ದಾಟದ ಅಕ್ಕನಿಗೂ ಅಕ್ಷರ ಬಂತು. ಬಾಲವೂ ಬಂತು.

ಮಾಸ್ತರನಿಗೆ ವಯಸ್ಸಾಯಿತು, ತೀರಿಕೊಂಡ. ಮುಂದೊಂದು ಮಳೆಗಾಲ ಹೊಳೆ ಊರೊಳಗೇ ನುಗ್ಗಿತು. ಜನ ಸಿಕ್ಕ ದೋಣಿ ಹತ್ತಿದರು. ಅಕ್ಕ ಹತ್ತಿದ ದೋಣಿ ಈ ದಂಡೆಗೆ ಬಂದು ಮುಟ್ಟಿತು. ತಮ್ಮ ಹತ್ತಿದ ದೋಣಿಯನ್ನು ಸೆಳವು ಎಳೆದುಕೊಂಡು ಹೋಯಿತು. ನೀರು ಇಳಿದಾಗ ಬಾಲದೂರು ಇರಲಿಲ್ಲ, ತಮ್ಮನ ಸುದ್ದಿಯೂ ಇರಲಿಲ್ಲ.

ಅಕ್ಕ ಈ ದಂಡೆಯ ಪೇಟೆಯಲ್ಲಿ ನೆಲೆ ನಿಂತಳು. ಮದುವೆಯಾದಳು. ಒಬ್ಬ ಮಗಳು ಹುಟ್ಟಿದಳು. ತಮ್ಮ ಸತ್ತ ಎಂದು ಯಾರಾದರೂ ಅಂದರೆ ಸಾಕು, ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳ ಬಾಯಿಗೆ ಹೆದರಿ ಜನ ತಮ್ಮನನ್ನು ಬದುಕಿಸಿಟ್ಟಿದ್ದರು.

ಮಗಳ ಮದುವೆ ಗೊತ್ತಾಯಿತು. ಅವರಲ್ಲಿ ಮದುಮಗಳನ್ನು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ಬೀಗರು, “ಯಾರಾದರೂ ಒಬ್ಬ ಗಂಡಸು ಆ ಜಾಗದಾಗ ನಿಂತರ ಆತು” ಎಂದರು. ಅಕ್ಕ ಒಪ್ಪಲಿಲ್ಲ.

“ನನ್ನ ಮಗಳಿಗೆ ಸೋದರಮಾವ ಅದಾನ. ಅವ ಬಂದ ಮ್ಯಾಲೆ ಮದುವಿ.”

ಬೀಗರು ಮುಖ ಮುಖ ನೋಡಿಕೊಂಡರು. ಬರುವ ಹುಣ್ಣಿಮೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹೇಳಿ ಎದ್ದುಹೋದರು. ಮಗಳಿಗೆ ಆ ಹುಡುಗನ ಮೇಲೆ ಪ್ರಾಣ. ಅಕ್ಕನಿಗೆ ಅದು ಗೊತ್ತಿತ್ತು. ಆದರೂ ಬಾಯಿಂದ ಹೂಂ ಹೊರಡಲಿಲ್ಲ. ಹೂಂ ಅಂದರೆ ತಮ್ಮ ಇಲ್ಲವೆಂದು ತಾನೇ ಒಪ್ಪಿದಂತೆ.

ಹುಣ್ಣಿಮೆಗೆ ಮೊದಲು ಒಂದು ಸಂತೆ ಬಂತು. ಅಕ್ಕ ಗಂಡನ ಜೊತೆ ಸಂತೆಗೆ ಹೋದಳು. ಒಬ್ಬ ಗಾಡಿಯವನು ಮೆಣಸಿನಕಾಯಿ ಚೀಲ ಹೇರಿಕೊಂಡು ಎದುರಿಗೆ ಬಂದ. ಚೀಲದ ಮೇಲೆ ಬೆಳೆದ ರೈತನ ಹೆಸರನ್ನೂ ಊರನ್ನೂ ಮಸಿಯಲ್ಲಿ ಬರೆದಿತ್ತು. ಕೈ ಎತ್ತದೆ ಬರೆದ ಬರಹ. ಹೆಸರಿಗೊಂದು ಬಾಲ, ಊರಿಗೊಂದು ಬಾಲ.

ಅಕ್ಕ ಕೈಯಲ್ಲಿದ್ದ ಬುಟ್ಟಿ ಬಿಸಾಕಿ ಗಾಡಿ ಹತ್ತಿದಳು. ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಘಾಟು ಮೂಗಿಗೆ ಏರಿತು. ಸೀನಿದಳು, ಅತ್ತಳು, ನಕ್ಕಳು, ಮತ್ತೆ ಸೀನಿದಳು.

“ಏ ಯಕ್ಕಾ, ಇಳೀ ಕೆಳಗ!” ಎಂದು ಗಾಡಿಯವನು ಕೂಗಿದ. “ಅದು ಮೆಣಸಿನಕಾಯಿ ಚೀಲ, ನಿನ್ನ ತವರುಮನಿ ಅಲ್ಲ!”

“ತವರುಮನೀನ ಅದ ಇದು!” ಎಂದಳು ಅಕ್ಕ.

ಸಂತೆಗೆ ಸಂತೆಯೇ ಸುತ್ತ ನಿಂತು ನಕ್ಕಿತು. ಗಂಡ ತಲೆ ತಗ್ಗಿಸಿಕೊಂಡು ಬುಟ್ಟಿ ಎತ್ತಿಕೊಂಡ. ಆದರೆ ಅವನು ಹೆಂಡತಿಯನ್ನು ಬಲ್ಲವನು. ಚೀಲ ಇಳಿಸಿ ಗಾಡಿ ಮರಳುವಾಗ ಇಬ್ಬರೂ ಅದೇ ಗಾಡಿಯಲ್ಲಿ ಕೂತು, ದೋಣಿಗಟ್ಟೆಯಲ್ಲಿ ಹೊಳೆ ದಾಟಿ, ಆ ರೈತನ ಊರಿಗೆ ಹೋದರು.

ರೈತ ಹೊಲದಲ್ಲಿದ್ದ. ಚೀಲದ ಮೇಲಿನ ಹೆಸರು ತಮ್ಮನದಲ್ಲದಿದ್ದರೂ ಅಕ್ಕ ಓಡಿಹೋಗಿ ಅವನ ಮುಖ ನೋಡಿದಳು. ಮೀಸೆ ಈಗಷ್ಟೇ ಮೂಡಿದ ಹುಡುಗ. ಅವಳ ತಮ್ಮನಿಗೆ ಈ ಹೊತ್ತಿಗೆ ಕೂದಲು ನರೆತಿರಬೇಕು. ಬದುವಿನ ಮೇಲೆ ಕುಸಿದು ಕುಳಿತು ಕೇಳಿದಳು.

“ನಿನ್ನ ಅಕ್ಷರಕ್ಕ ಆ ಬಾಲ ಎಲ್ಲಿಂದ ಬಂತೋ ತಮ್ಮಾ?”

“ಬಾಲ ಅಲ್ಲ ಬಿಡಬೇ ಯವ್ವಾ. ಅಕ್ಷರ ಇರೂದ ಹಂಗ. ನಮ್ಮ ಮಾಸ್ತರು ಹಂಗ ಕಲಿಸ್ಯಾರ.”

ಅಕ್ಕ ಎದ್ದಳು. ಊರೊಳಗೆ ನಡೆದಳು. ಅಂಗಡಿಯ ಹಲಗೆಯ ಮೇಲೆ ಬಾಲ. ಗುಡಿಯ ಗೋಡೆಯ ಮೇಲೆ ಬಾಲ. ಹಿಟ್ಟಿನ ಗಿರಣಿಯ ಬಾಗಿಲಿಗೆ ಸುಣ್ಣದಲ್ಲಿ ‘ಇಂದು ರಜೆ’ ಎಂದು ಬರೆದಿತ್ತು, ಅದಕ್ಕೂ ಬಾಲ. ಮುಳುಗಿಹೋದ ಊರು ಆಚೆ ದಂಡೆಯಲ್ಲಿ ಎದ್ದು ಕೂತಿತ್ತು. ಅವಳ ಹೆಜ್ಜೆ ಓಟವಾಯಿತು.

ಶಾಲೆಯ ಬಯಲಿನಲ್ಲಿ ಮಕ್ಕಳು ಮರಳಿನ ಮುಂದೆ ಕೂತಿದ್ದರು. ಮಾಸ್ತರ ಈ ಕಡೆ ಬೆನ್ನು ಮಾಡಿ, ಒಂದು ಪುಟ್ಟ ಹುಡುಗಿಯ ಕೈ ಹಿಡಿದು ಬರೆಸುತ್ತಿದ್ದ. ಅಕ್ಕ ಅವನ ಮುಖ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ಹಿಂದಿನ ಸಾಲಿನ ಮರಳಿನ ಮುಂದೆ ಕುಕ್ಕರಿಸಿ, ಬೆರಳಿನಿಂದ ಒಂದೇ ಒಂದು ಹೆಸರು ಬರೆದಳು. ಅದು ತಮ್ಮನಿಗೆ ಅವಳೊಬ್ಬಳೇ ಕರೆಯುತ್ತಿದ್ದ ಹೆಸರು.

ಹಿಂದಿನ ಸಾಲಿನ ಮಕ್ಕಳು ಬಗ್ಗಿ ನೋಡಿದರು. ಬರೆದದ್ದನ್ನು ಜೋರಾಗಿ ಓದುವುದು ಅವರಿಗೆ ಮಾಸ್ತರ ಕಲಿಸಿದ ಅಭ್ಯಾಸ. ಎಲ್ಲರೂ ಒಟ್ಟಿಗೆ ಓದಿದರು.

“ಗುಂಡ್ಯಾ!”

“ಯಾವನೋ ಅವ!” ಎಂದು ಮಾಸ್ತರ ಸಿಟ್ಟಿನಿಂದ ತಿರುಗಿದ. ಮರಳಿನ ಮೇಲಿನ ಹೆಸರು ಕಂಡಿತು. ಅದರ ಬಾಲ ಕಂಡಿತು. ಆಮೇಲೆ ಅದರ ಪಕ್ಕ ಕೂತವಳು ಕಂಡಳು.

ಆಮೇಲಿನದನ್ನು ಏನು ಹೇಳಲಿ? ಅಕ್ಕನ ದೋಣಿ ಮಗುಚಿತೆಂದು ಯಾರೋ ಹೇಳಿದ್ದನ್ನು ನಂಬಿ ಅಷ್ಟು ವರ್ಷ ಒಳಗೊಳಗೇ ಅತ್ತಿದ್ದವನು, ಈಗ ಮಕ್ಕಳೆದುರು ನಾಚಿಕೆಯಿಲ್ಲದೆ ಅತ್ತ. ಅಕ್ಕ ಅವನ ಕಿವಿ ಹಿಂಡಿದಳು. ಮಾಸ್ತರರ ಕಿವಿ ಹಿಂಡುವವರೂ ಇದ್ದಾರೆಂದು ಕಂಡು ಮಕ್ಕಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ನಮ್ಮ ಮಾಸ್ತರ ಬಾಲಾನ ನಿನ್ನ ಹಿಡಕೊಟ್ಟಿತು ನೋಡೋ” ಎಂದಳು ಅಕ್ಕ.

ತಮ್ಮ ಕಣ್ಣೊರೆಸಿಕೊಂಡು ಗಂಭೀರನಾದ. “ಬಾಲ ಎಲ್ಲದ ಅಕ್ಕಾ? ನಾ ಬಾಲ ಬಿಟ್ಟು ಭಾಳ ವರ್ಷ ಆತು. ಈ ಮಕ್ಕಳಿಗೂ ಬಿಟ್ಟೇ ಕಲಿಸೀನಿ.”

ಮಕ್ಕಳು ಮರಳು ನೋಡಿದರು. ಮಾಸ್ತರನನ್ನು ನೋಡಿದರು. ಯಾರೂ ಏನೂ ಹೇಳಲಿಲ್ಲ. ಒಳ್ಳೆಯ ಮಕ್ಕಳು.

ಹುಣ್ಣಿಮೆಗೆ ಮೊದಲೇ ಮದುವೆ ನಡೆಯಿತು. ಸೋದರಮಾವ ಹೊಸ ರುಮಾಲು ಸುತ್ತಿ ಮದುಮಗಳನ್ನು ಹಂದರಕ್ಕೆ ಕರೆತಂದ. ಬೀಗರು, ನಾವು ಮೊದಲಿನಿಂದಲೂ ನಂಬಿದ್ದೆವು ಎಂದರು. ಮೆಣಸಿನಕಾಯಿಯ ಹುಡುಗ ಒಂದು ಚೀಲ ಉಡುಗೊರೆ ತಂದ. ಗಾಡಿಯವನು ಹೋಳಿಗೆಯ ಮೇಲೆ ಹೋಳಿಗೆ ತಿನ್ನುತ್ತ, ಪ್ರತಿ ಪಂಕ್ತಿಗೂ ಸಂತೆಯ ಕತೆ ಹೇಳಿದ. ಶಾಲೆಯ ಮಕ್ಕಳು ಹಂದರದ ಹಿಂದಿನ ಗೋಡೆಯ ಮೇಲೆ ಮದುಮಕ್ಕಳ ಹೆಸರನ್ನು ಸುಣ್ಣದಲ್ಲಿ ಬರೆದರು, ಬಾಲ ಸಮೇತ.

ಅಜ್ಜನವರು ಕತೆ ಮುಗಿಸಿದರು.

ಅಡಿವೆಪ್ಪ ಮನಸಾರೆ ನಗುತ್ತಿದ್ದ. ಅಕ್ಕ ಚೀಲ ತಬ್ಬಿಕೊಂಡಲ್ಲಿ ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ಅವನು ಸುಲಭಕ್ಕೆ ಒಪ್ಪುವ ಶಿಷ್ಯನಲ್ಲ. ಅಂಥವನೆಂದೇ ಅಜ್ಜನವರು ಶಾಲೆಯನ್ನು ಅವನಿಗೆ ಒಪ್ಪಿಸಿದ್ದರು.

“ಕತಿ ಭಾಳ ಛಂದ ಅದ ಅಜ್ಜಾವ್ರ” ಎಂದ. “ಆದ್ರ ಎಲ್ಲಾ ಮಕ್ಕಳಿಗೂ ಅಕ್ಕ ಕಳದಿರೂದಿಲ್ಲಲ್ಲ? ಎಲ್ಲಾ ಮಾಸ್ತರಿಗೂ ಬೆರಳು ಸೊಟ್ಟ ಇರೂದಿಲ್ಲಲ್ಲ?”

“ಖರೆ” ಎಂದರು ಅಜ್ಜನವರು. “ನೀ ಹೇಳೂದು ಖರೆ ಅದ.”

ಅವರು ಗೋಡೆಗೆ ಆನಿಸಿದ್ದ ಹಲಗೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ವೇಳಾಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಹಲಗೆಯನ್ನು ಶಿಷ್ಯನ ಕಡೆಗೆ ತಿರುಗಿಸಿದರು.

“ಅಳಸು ಅಡಿವೆಪ್ಪ, ಬಾಲದಿಂದ ಸುರು ಮಾಡು.”

ಅಡಿವೆಪ್ಪ ಬಟ್ಟೆ ಹಿಡಿದು ಬಗ್ಗಿದ, ತಾನೇ ಬರೆದ ಸಾಲಿನ ಕೊನೆಯನ್ನು ಮೊದಲ ಸಲ ನೋಡಿದ. ಅಲ್ಲೊಂದು ಇಲಿಯ ಬಾಲ, ಅಜ್ಜನವರ ಕೈಯಿಂದ ಅವನ ಕೈಗೆ ಇಳಿದದ್ದು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಮಡಚಿ ಪಕ್ಕಕ್ಕೆ ಇಟ್ಟ.