ಬಿಳಿ ದಾಸವಾಳದ ಕಡ್ಡಿ

"ಗುರುಗಳೇ, ನಮ್ಮ ಮಠದ ತೋಟದ ದಾಸವಾಳದ ರೆಂಬೆಗಳನ್ನು ಯಾರೋ ಬೆಳಗಿನ ಜಾವ ಮುರಿದುಕೊಂಡು ಹೋಗುತ್ತಿದ್ದಾರೆ. ಸಿಕ್ಕರೆ ಏನು ಶಿಕ್ಷೆ ಕೊಡಲಿ?" ಎಂದು ತೋಟ ನೋಡಿಕೊಳ್ಳುವ ಶಿಷ್ಯ ಕೇಳಿದ.

ಗುರುಗಳು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಹೇಳಿದರು:

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಊರಿನ ಹೆಸರು ಮರೆತಿದ್ದೇನೆ, ಬೇಕಾದರೆ ನೀನೇ ಒಂದು ಇಟ್ಟುಕೊ. ಅವನ ಹಿತ್ತಲಲ್ಲಿ ಬಿಳಿ ದಾಸವಾಳದ ಗಿಡವಿತ್ತು. ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ಹೆಂಗಸರಿಗೆ ರಕ್ತಸ್ರಾವ ಹೆಚ್ಚಾದರೆ ಅದರ ಮೊಗ್ಗನ್ನು ಹಾಲಿನಲ್ಲಿ ಅರೆದು ಕುಡಿಸುತ್ತಿದ್ದ. ಆ ಗಿಡ ಕಾಯಿ ಕಟ್ಟುತ್ತಿರಲಿಲ್ಲ. ಹೂ ಅರಳುವುದು, ಸಂಜೆಗೆ ಮುದುಡುವುದು, ಉದುರುವುದು, ಅಷ್ಟೇ. ರೆಂಬೆ ನೆಟ್ಟರೆ ಮಾತ್ರ ಇನ್ನೊಂದು ಗಿಡ. ವೈದ್ಯನಿಗೆ ಇದು ಗೊತ್ತಿತ್ತು. ಆದರೆ ಎರಡಾದರೆ ಕಾಯುವುದು ಕಷ್ಟವೆಂದು ಒಂದನ್ನೇ ಇಟ್ಟುಕೊಂಡಿದ್ದ.

ಒಮ್ಮೆ ನೆರೆಮನೆಯ ಹೆಂಗಸು ಕುಡುಗೋಲಿನಿಂದ ಒಂದು ಕಡ್ಡಿ ಕೊಯ್ಯುವಾಗ ಸಿಕ್ಕಿಬಿದ್ದಳು. ವೈದ್ಯ ಅದನ್ನು ಕಸಿದುಕೊಂಡು, ಕದ್ದ ಕೈಯಲ್ಲಿ ಏನು ಚಿಗುರುತ್ತದೋ ನೋಡೋಣ ಎಂದು ಹಂಗಿಸಿ, ಅವಳ ಬೆನ್ನಿಗೇ ಎಸೆದ. ಅಷ್ಟಕ್ಕೂ ಸಮಾಧಾನವಾಗದೆ ಗಿಡದ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದ. ಗೋಡೆ ಬಹಳ ಗಟ್ಟಿಯಾಗಿತ್ತು. ಕೆಲವು ವರ್ಷ ಕಳೆದು ದೊಡ್ಡ ಮಳೆ ಹಿಡಿದಾಗ ಒಳಗಿನ ನೀರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ. ಬೇರು ಕೊಳೆತು ಗಿಡ ಸತ್ತಿತು.

ಅದೇ ಮಳೆಗಾಲದಲ್ಲಿ, ತವರಿಗೆ ಬಂದ ಅವನ ಮಗಳಿಗೇ ಸ್ರಾವ ಹತ್ತಿತು. ಬೇರೆ ಮದ್ದಿಗೆ ನಿಲ್ಲಲಿಲ್ಲ. ಹುಡುಗಿ ಬಿಳಚಿಕೊಂಡು ಹಾಸಿಗೆ ಹಿಡಿದಳು. ವೈದ್ಯ ಬಿಳಿ ದಾಸವಾಳ ಕೇಳುತ್ತ ಮನೆ ಬಿಟ್ಟು ಹೊರಟ. ಮೊದಲು ಸಿಕ್ಕ ಬಾಗಿಲು ನೆರೆಯವಳದೇ. ಅವಳು ಹಿತ್ತಲಿಗೆ ಹೋಗಿ ಮಡಿಲು ತುಂಬ ಮೊಗ್ಗು ತಂದಳು.

"ಇದೆಲ್ಲಿಂದ ಬಂತಮ್ಮ?"

"ನೀವೇ ಎಸೆದಿರಲ್ಲ ಪಂಡಿತರೇ, ಅದನ್ನ ತಿಪ್ಪೆ ಪಕ್ಕ ಚುಚ್ಚಿದ್ದೆ. ಈಗ ಓಣಿಯ ಹಿತ್ತಲಲ್ಲೆಲ್ಲ ಇದೆ. ಕೇಳಿ ಒಯ್ದರೆ ಕಡ್ಡಿ ಬೇರು ಬಿಡೋದಿಲ್ಲ, ಕದ್ದರೇ ಹತ್ತೋದು ಅಂತ ಎಲ್ಲರಿಗೂ ಹೇಳಿಟ್ಟಿದ್ದೀನಿ. ನಾನು ಒಳಗೆ ಹೋಗೋದನ್ನೇ ಕಾಯ್ತಾರೆ, ಪಾಪ."

ಮಗಳು ಚೇತರಿಸಿಕೊಂಡಳು. ವೈದ್ಯ ಗೋಡೆ ಕೆಡವಿದ ಎನ್ನುತ್ತಾರೆ; ನಾನು ನೋಡಿಲ್ಲ.

"ಹಾಗಾದರೆ ನಮ್ಮ ತೋಟಕ್ಕೆ ಬರುವವರನ್ನು ಸುಮ್ಮನೆ ಬಿಡಬೇಕೇ?" ಎಂದ ಶಿಷ್ಯ.

"ಸುಮ್ಮನೆ ಬಿಡುವುದುಂಟೇ? ಬೇಲಿಯ ಮೇಲೊಂದು ಹರಿತವಾದ ಕುಡುಗೋಲು ಇಟ್ಟಿರು. ಕೈಯಲ್ಲಿ ಮುರಿದರೆ ತೊಗಟೆ ಸಿಗಿದು ಕಡ್ಡಿ ಹತ್ತುವುದಿಲ್ಲ."